ಸುಷ್ಮಿತಾ ತೆಗೆಸಿಕೊಳ್ಳದ ಫೋಟೋ

ಹತ್ತಿ ಬಿಡಿಸುವ ಹೊಲದಲ್ಲಿ ಮಾತು ನಿಲ್ಲುವುದಿಲ್ಲ. ಒಣಗಿದ ಕಾಯಿಯ ಚೂಪು ತುದಿ ಚುಚ್ಚದ ಹಾಗೆ ಕೈ ಹತ್ತಿ ಎಳೆಯುತ್ತಿದ್ದರೆ, ಬಾಯಿ ಊರ ಸುದ್ದಿಯನ್ನೆಲ್ಲ ಬಿಡಿಸುತ್ತಿರುತ್ತದೆ. ಯಾರ ಮನೆಗೆ ಬೀಗರು ಬಂದರು, ಯಾರ ಎಮ್ಮೆ ಈಯಿತು, ಯಾರು ದುಡಿಯಲು ಗುಂಟೂರು ಕಡೆ ಹೋದರು, ಎಲ್ಲ ಅಲ್ಲೇ ತಿಳಿಯುತ್ತದೆ. ತೆಲುಗು ಸೀಮೆಯ ಗಡಿಯಲ್ಲಿ, ಕೋಸಗಿ ಹತ್ತಿರದ ಆ ಹಳ್ಳಿಯಲ್ಲೂ ಹಾಗೆಯೇ. ಆದರೆ ಆ ದಿನ ಉಚ್ಚಮ್ಮ ಉಡಿ ಕಟ್ಟಿಕೊಂಡು ಸಾಲಿಗೆ ಇಳಿದ ಕೂಡಲೇ ಹೊಲ ಮೌನವಾಯಿತು. ಮುಂದಿನ ಸಾಲಿನವರು ತಲೆ ಬಗ್ಗಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕು, ನಗು ನುಂಗಿಕೊಂಡರು.

ಉಚ್ಚಮ್ಮ ಮೊದಲು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಬುತ್ತಿ ಬಿಚ್ಚಿ ಒಂದು ಕಡೆ ಕೂತರು. ಆಕೆ ಹೋಗಿ ಕೂತರೆ ಒಬ್ಬೊಬ್ಬರೇ ಎದ್ದು ಕೈ ತೊಳೆಯಲು ಹೋದರು. ಉಳಿದವಳು ಪಕ್ಕದ ಮನೆಯ ಮಹಾಲಕ್ಷ್ಮಿ ಒಬ್ಬಳೇ. ಏನಾಗಿದೆ ಎಂದು ಉಚ್ಚಮ್ಮ ಕೇಳಿದಳು. ಮಹಾಲಕ್ಷ್ಮಿ ಏನೂ ಇಲ್ಲ ಎಂದಳು. ಉಚ್ಚಮ್ಮ ಮತ್ತೆ ಕೇಳಿದಳು. ಆಗ ಮಹಾಲಕ್ಷ್ಮಿ ಆಕೆಯನ್ನು ಬದುವಿನ ಆಚೆಗೆ ಕರೆದುಕೊಂಡು ಹೋಗಿ, ಕುಪ್ಪಸದಿಂದ ಫೋನು ತೆಗೆದಳು.

"ನನಗ ಯಾರೋ ಕಳಿಸ್ಯಾರಕ್ಕ. ನಾ ಯಾರಿಗೂ ಕಳಿಸಿಲ್ಲ" ಎಂದು ಮೊದಲೇ ಹೇಳಿ, ಆಮೇಲೆ ತೋರಿಸಿದಳು.

ಅದೊಂದು ಫೋಟೋ. ಮುಖ ಉಚ್ಚಮ್ಮನ ಮಗಳು ಸುಷ್ಮಿತಾಳದು. ಅದೇ ಕಣ್ಣು, ಹಣೆಯ ಮೇಲೆ ಅದೇ ಸಣ್ಣ ಗಾಯದ ಕಲೆ. ಮೈಮೇಲೆ ಮಾತ್ರ ಬಟ್ಟೆ ಇರಲಿಲ್ಲ.

ಉಚ್ಚಮ್ಮ ಬಿಡಿಸಿದ ಹತ್ತಿಯನ್ನು ಅಲ್ಲೇ ಸುರಿದು ಮನೆಗೆ ನಡೆದಳು. ದಾರಿಯಲ್ಲಿ ಎದುರಾದವರು ಏನೋ ಕೇಳಿದರು, ಅದು ಆಕೆಯ ಕಿವಿಗೆ ಬೀಳಲಿಲ್ಲ. ಸುಷ್ಮಿತಾ ಆದೋನಿಯಲ್ಲಿ ಡಿಗ್ರಿ ಓದುತ್ತಿದ್ದಳು. ಎರಡನೇ ವರ್ಷ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಆ ಸಂಜೆ ಆಕೆ ಹೊಸ್ತಿಲು ದಾಟಿ ಒಳಗೆ ಬಂದದ್ದೇ ತಡ, ತಾಯಿ ಮಾತಾಡದೆ ಕೆನ್ನೆಗೆ ಹೊಡೆದಳು. ಹೊಡೆದ ಮೇಲೆ ಕೇಳಿದಳು.

ಸುಷ್ಮಿತಾಳಿಗೆ ಏನೂ ಅರ್ಥವಾಗಲಿಲ್ಲ. ಮಹಾಲಕ್ಷ್ಮಿಯ ಮನೆಗೆ ಹೋಗಿ ಫೋಟೋ ನೋಡಿಕೊಂಡು ಬಂದಳು.

"ಮುಖ ನಂದವ್ವ. ಮೈ ನಂದಲ್ಲ" ಎಂದಳು.

"ಮುಖ ನಿಂದಾದ್ರ ಮೈ ಯಾರ್ದು?"

ಸುಷ್ಮಿತಾ ಹೇಳಲು ನೋಡಿದಳು. ಈಗ ಫೋನಿನಲ್ಲೇ ಇಂಥ ಆ್ಯಪ್‌ಗಳು ಬಂದಿವೆ, ಬಟ್ಟೆ ತೊಟ್ಟ ಫೋಟೋ ಹಾಕಿದರೆ ಬಟ್ಟೆ ಇಲ್ಲದ ಹಾಗೆ ಕಂಪ್ಯೂಟರ್ ತಾನೇ ಸುಳ್ಳು ಫೋಟೋ ಮಾಡಿಕೊಡುತ್ತದೆ, ಎಐ ಅನ್ನುತ್ತಾರೆ ಅದಕ್ಕೆ, ತಮ್ಮ ಕಾಲೇಜಿನ ಒಬ್ಬ ಹುಡುಗಿಗೂ ಹೀಗೇ ಮಾಡಿದ್ದರು ಎಂದಳು. ಈ ಮುಖ ಯಾವ ಫೋಟೋದ್ದು ಅಂತಲೂ ನನಗೆ ಗೊತ್ತು ಎಂದು ಮುಂದೆ ಏನೋ ಹೇಳಹೊರಟಳು. ಉಚ್ಚಮ್ಮ ಕೇಳಿಸಿಕೊಳ್ಳಲಿಲ್ಲ. ಯಾರೂ ತೆಗೆಯದೆ ಫೋಟೋ ಹೇಗೆ ಬರುತ್ತದೆ ಎಂಬುದೊಂದೇ ಆಕೆಯ ತಲೆಯಲ್ಲಿ ಸುತ್ತುತ್ತಿತ್ತು. ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ ಎಂದು ಆಕೆಗೆ ಅವಳ ತಾಯಿ ಹೇಳಿಕೊಟ್ಟಿದ್ದಳು.

ಸುಷ್ಮಿತಾಳ ತಂದೆ ಗಾದಿಲಿಂಗಪ್ಪ ಆಗ ಕೌತಾಳಂ ಕಡೆ ಕುರಿ ಮೇಯಿಸಲು ಹೋಗಿದ್ದ. ಅವನಿಗೆ ಸುದ್ದಿ ಮುಟ್ಟಿಸಿದವನು ಅವನ ಅಕ್ಕನ ಮಗ ಸುಂಕೇಶ. ಕೋಸಗಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಹಿಂದಿನ ವರ್ಷ ಅವನ ತಾಯಿ ಸುಷ್ಮಿತಾಳನ್ನು ಸೊಸೆ ಮಾಡಿಕೊಳ್ಳುತ್ತೇನೆಂದು ಕೇಳಿದ್ದಳು. ಹುಡುಗಿ ಓದು ಮುಗಿಯಲಿ ಅಂದಿದ್ದಳು, ಗಾದಿಲಿಂಗಪ್ಪನೂ ನೋಡೋಣ ಅಂದಿದ್ದ. ಆ ಮಾತು ಅಲ್ಲಿಗೇ ನಿಂತಿತ್ತು. ಈಗ ಸುಂಕೇಶ ಬೈಕಿನ ಮೇಲೆ ಕುರಿಹಟ್ಟಿಯ ತನಕ ಹೋಗಿ, ಮಾವನ ಮುಂದೆ ಕಣ್ಣೀರು ಹಾಕುತ್ತ ಫೋನು ತೋರಿಸಿದ. ಮಾವನನ್ನು ಹಿಂದೆ ಕೂರಿಸಿಕೊಂಡು ತಾನೇ ಊರಿಗೆ ಕರೆತಂದ.

ಗಾದಿಲಿಂಗಪ್ಪ ಬೈಯುವ ಮನುಷ್ಯನಲ್ಲ. ಒಳಗೆ ಬಂದವನು ಮಗಳ ಕೈಯಿಂದ ಫೋನು ಇಸಿದುಕೊಂಡು ಒರಳುಕಲ್ಲಿಗೆ ಅಪ್ಪಳಿಸಿದ. "ನಾಳಿಂದ ಕಾಲೇಜಿಲ್ಲ" ಎಂದ. "ಪರುವು ಹೋತು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮರ್ಯಾದೆಗೆ ಆ ಕಡೆ ತೆಲುಗಿನ ಆ ಮಾತನ್ನೇ ಎಲ್ಲರೂ ಬಳಸುತ್ತಾರೆ. ಆಮೇಲೆ ಅವನು ಗೋಡೆಗೆ ಒರಗಿ ಕೂತುಬಿಟ್ಟ.

ಆಗ ಸುಂಕೇಶ ಅವನ ಕಾಲ ಬಳಿ ಕೂತ.

"ಮಾವ, ಊರು ಏನಾರ ಅನ್ಲಿ. ನಾ ಮಾಡ್ಕೊಂತೀನಿ ಆಕಿನ್ನ. ನಮ್ಮ ಮನಿ ಹುಡುಗಿ, ನಾವ ಕೈ ಬಿಟ್ರ ಹೆಂಗ?"

ಗಾದಿಲಿಂಗಪ್ಪ ಅಳಿಯನ ಎರಡೂ ಕೈ ಹಿಡಿದುಕೊಂಡ. ಉಚ್ಚಮ್ಮನಿಗೂ ಅವನು ಆ ಹೊತ್ತಿಗೆ ದೇವರಂತೆ ಕಂಡ. ಒಳಗಿನ ಕೋಣೆಯಿಂದ ಸುಷ್ಮಿತಾ ಒಲ್ಲೆ ಎಂದಳು. ಯಾರೂ ಅತ್ತ ತಿರುಗಲಿಲ್ಲ. ಹತ್ತಿ ಕೆಲಸ ಮುಗಿದ ಮೇಲೆ ಮದುವೆ ಎಂದು ನಿಶ್ಚಯವಾಯಿತು.

ಅಂದಿನಿಂದ ಆ ಮನೆಯಲ್ಲಿ ಒಲೆ ಹೊತ್ತುತ್ತಿತ್ತು, ಆದರೆ ಅಡಿಗೆ ಉಳಿಯುತ್ತಿತ್ತು. ಸುಷ್ಮಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ರೊಟ್ಟಿ ಇಟ್ಟರೆ ರೊಟ್ಟಿ ಒಣಗುತ್ತಿತ್ತು. ಹೊರಗೆ ನೀರಿಗೆ ಹೋದರೆ ಹುಡುಗರು ಫೋನು ಹಿಡಿದು ಆಕೆಯನ್ನೂ ಫೋನನ್ನೂ ನೋಡುತ್ತಿದ್ದರು. ಆಕೆ ನೀರಿಗೆ ಹೋಗುವುದನ್ನೂ ಬಿಟ್ಟಳು. ಬೆಳಗಿನ ರೈಲಿನ ಕೂಗು ಊರ ತನಕ ಕೇಳಿಸುತ್ತದೆ. ಆ ಕೂಗು ಕೇಳಿದಾಗ ಆಕೆ ಕಿವಿ ಮುಚ್ಚಿಕೊಳ್ಳುವುದನ್ನು ಉಚ್ಚಮ್ಮ ಕಂಡಿದ್ದಳು.

ಊರಿನ ಹೆಂಗಸರ ಉಳಿತಾಯ ಗುಂಪಾದ ಡ್ವಾಕ್ರಾ ಸಂಘಕ್ಕೆ ಸುಭದ್ರಮ್ಮ ಲೀಡರು. ಹಿರಿಯ ಹೆಂಗಸು, ನಾಲ್ಕು ಕಡೆ ಓಡಾಡಿದವಳು. ಆಕೆ ಒಂದು ಮಧ್ಯಾಹ್ನ ಬಂದು ಉಚ್ಚಮ್ಮನ ಪಕ್ಕ ಕೂತಳು. ಸಂಘದ ತರಬೇತಿಯಲ್ಲಿ ಇಂಥದ್ದರ ಬಗ್ಗೆ ಹೇಳಿದ್ದಾರೆ, ಹುಡುಗಿ ಹೇಳುವುದು ನಿಜ ಇರಬಹುದು, ಊರಿನ ಸರ್ಕಾರಿ ಕಚೇರಿಯಾದ ಗ್ರಾಮ ಸಚಿವಾಲಯದಲ್ಲಿ ಮಹಿಳಾ ಪೊಲೀಸ್ ಚೇತನಾ ಮೇಡಂ ಇದ್ದಾರೆ, ಒಮ್ಮೆ ಹೋಗಿ ಕೇಳೋಣ ಎಂದಳು.

ಉಚ್ಚಮ್ಮ ಒಪ್ಪಲಿಲ್ಲ. "ಪೊಲೀಸ್ರಿಗೆ ಹೇಳಿದ್ರ ಉಳಿದೋರಿಗೂ ಗೊತ್ತಾಗ್ತೈತಿ ಸುಭದ್ರಕ್ಕ. ಈಗ ಅರ್ಧ ಊರು ನೋಡೈತಿ. ಆಮ್ಯಾಲ ಜಿಲ್ಲಾ ಎಲ್ಲಾ ನೋಡ್ತೈತಿ."

"ಸುಮ್ಕಿದ್ರ ನಿಲ್ತೈತೇನು?"

"ಮದುವಿ ಆದ್ರ ನಿಲ್ತೈತಿ" ಎಂದು ಉಚ್ಚಮ್ಮ ಎದ್ದು ಒಳಗೆ ಹೋದಳು. ಸುಭದ್ರಮ್ಮ ತನ್ನ ಮನೆಗೆ ಹೋದಳು.

ಅದಾದ ಕೆಲವು ದಿನಗಳಿಗೆ ಉಚ್ಚಮ್ಮ ಹೊಲದಿಂದ ಬೇಗ ಬಂದಳು. ಮೈ ಹುಷಾರಿರಲಿಲ್ಲ. ಬಾಗಿಲು ಮುಂದೆ ಮಾಡಿತ್ತು. ಸುಷ್ಮಿತಾ ಒಳಗಿರಲಿಲ್ಲ. ಹಿತ್ತಲಲ್ಲಿ ಇರಲಿಲ್ಲ. ಮಹಾಲಕ್ಷ್ಮಿ ತಾನು ಕಂಡಿಲ್ಲ ಎಂದಳು. ಹಾಲು ಹಾಕಿ ಬರುತ್ತಿದ್ದ ಚಿನ್ನಪ್ಪ ಮಾತ್ರ, ನಿನ್ನ ಮಗಳು ಕೋಸಗಿಯ ಆಟೋ ಹತ್ತಿದಳು ಎಂದ. ಉಚ್ಚಮ್ಮ ಸಿಕ್ಕ ಆಟೋಕ್ಕೆ ಕೈ ಮಾಡಿ, ಸೆರಗು ಬಿದ್ದದ್ದೂ ತಿಳಿಯದೆ ಸ್ಟೇಷನ್ನಿಗೆ ಓಡಿದಳು.

ಪ್ಲಾಟ್‌ಫಾರಂ ಖಾಲಿ ಇತ್ತು. ಯಾವ ಪ್ಯಾಸೆಂಜರ್ ರೈಲಿನ ಹೊತ್ತೂ ಅಲ್ಲ. ಕೊನೆಯ ಬೆಂಚು ದಾಟಿ, ಇಳಿಜಾರು ಶುರುವಾಗುವ ಕಡೆ, ಯಾರೂ ನಿಲ್ಲದ ಜಾಗದಲ್ಲಿ ಸುಷ್ಮಿತಾ ನಿಂತಿದ್ದಳು. ಉಚ್ಚಮ್ಮ ಕೂಗಲಿಲ್ಲ. ಕೂಗಿದರೆ ಏನಾಗುತ್ತದೋ ಎಂದು ಹೆದರಿದಳು. ಮೆಲ್ಲಗೆ ಹತ್ತಿರ ಹೋಗಿ ಮಣಿಕಟ್ಟು ಹಿಡಿದಳು.

"ಎಲ್ಲಿಗೆ ಹೊಂಟಿದ್ದಿ ಯವ್ವಾ?"

"ಎಲ್ಲಿಗೂ ಇಲ್ಲ."

"ಟಿಕೀಟು?"

"ತಗೊಂಡಿಲ್ಲ."

ರಾಯಚೂರು ಕಡೆಯಿಂದ ಗೂಡ್ಸ್ ಗಾಡಿ ಬಂತು. ನೆಲ ಅದುರಿತು. ಒಂದರ ಹಿಂದೆ ಒಂದು ಡಬ್ಬಿ ಕಣ್ಣ ಮುಂದೆ ಹಾಯುತ್ತಲೇ ಇದ್ದವು. ಉಚ್ಚಮ್ಮ ಮಗಳನ್ನು ಗೋಡೆಯ ಕಡೆಗೆ ಎಳೆದು, ತನ್ನ ಮೈಯನ್ನು ಅಡ್ಡ ಇಟ್ಟು ನಿಂತಳು. ಗಾಡಿ ದಾಟಿಹೋದ ಮೇಲೂ ಹಿಡಿತ ಸಡಿಲಿಸಲಿಲ್ಲ. ಮಗಳ ಕೈಯಲ್ಲಿ ಎಲುಬಷ್ಟೇ ಉಳಿದಿದೆ ಎಂದು ಆಕೆಗೆ ಆಗ ತಿಳಿಯಿತು.

"ಊರು ನಂಬದಿದ್ರ ಬಿಡು" ಎಂದಳು ಸುಷ್ಮಿತಾ. ಧ್ವನಿಯಲ್ಲಿ ಅಳು ಕೂಡ ಇರಲಿಲ್ಲ. "ನೀ ಒಬ್ಬಾಕಿ ನಂಬಿದ್ರ ಸಾಕಿತ್ತು."

ಆ ಹೊತ್ತಿನಲ್ಲೂ ಮಗಳ ಮಾತು ಪೂರ್ತಿ ನಿಜ ಎಂದು ಉಚ್ಚಮ್ಮನಿಗೆ ಅನ್ನಿಸಿರಲಿಲ್ಲ. ಆದರೆ ನಿಜವೋ ಸುಳ್ಳೋ, ಈ ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದು ಮಾತ್ರ ಗೊತ್ತಾಗಿತ್ತು. ಆಟೋದಲ್ಲಿ ಕೂತಾಗಲೂ ಹಿಡಿದೇ ಇದ್ದಳು. ಮನೆಗೆ ಹೋಗಲಿಲ್ಲ. ನೇರವಾಗಿ ಸುಭದ್ರಮ್ಮನ ಬಾಗಿಲಿಗೆ ಹೋಗಿ ನಿಂತಳು. ಸುಭದ್ರಮ್ಮ ಇಬ್ಬರ ಮುಖ ನೋಡಿ ಒಂದು ಮಾತೂ ಕೇಳದೆ ಚಪ್ಪಲಿ ಮೆಟ್ಟಿದಳು.

ಸಚಿವಾಲಯದಲ್ಲಿ ಚೇತನಾ ಒಬ್ಬಳೇ ಇದ್ದಳು. ಆದೋನಿಯ ಹುಡುಗಿ, ಸುಷ್ಮಿತಾಳಿಗಿಂತ ಸ್ವಲ್ಪ ದೊಡ್ಡವಳು. ಆಕೆ ಮೊದಲು ಬಾಗಿಲು ಮುಂದೆ ಮಾಡಿದಳು. ಸುಷ್ಮಿತಾಳಿಗೆ ನೀರು ಕೊಟ್ಟಳು. ಫೋಟೋ ತೋರಿಸು ಎಂದು ಕೇಳಲಿಲ್ಲ. ಊಟ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದಳು. ಸ್ಟೇಷನ್ನಿನ ವಿಷಯ ತಿಳಿದಾಗ, ಮನಸ್ಸು ಇಷ್ಟು ನೊಂದಾಗ ಮಾತಾಡಲು ಸರ್ಕಾರದ ಫೋನ್ ನಂಬರೇ ಇದೆ, ಆದೋನಿಯ ಆಸ್ಪತ್ರೆಗೂ ನಾನೇ ಜತೆಗೆ ಬರುತ್ತೇನೆ ಎಂದಳು. ಅಲ್ಲಿಯ ತನಕ ಹುಡುಗಿಯನ್ನು ಒಬ್ಬಳೇ ಬಿಡಬೇಡಿ ಎಂದು ಉಚ್ಚಮ್ಮನಿಗೆ ಹೇಳಿದಳು.

ಆಮೇಲೆ ಉಚ್ಚಮ್ಮ ತನ್ನ ಅನುಮಾನವನ್ನು ಬಾಯಿಬಿಟ್ಟಳು. "ಫೋಟೋ ಅಬದ್ಧ ಹೇಳ್ತೈತೇನು ಮೇಡಂ?"

ಚೇತನಾ ಉತ್ತರ ಕೊಡುವ ಬದಲು, ನಿಮ್ಮದೊಂದು ಫೋಟೋ ತೆಗೆಯಲೇ ಎಂದು ಕೇಳಿದಳು. ಉಚ್ಚಮ್ಮ ಹೂಂ ಎಂದಳು. ಹೊಲದ ಮಣ್ಣು ಹತ್ತಿದ ಸೀರೆಯಲ್ಲೇ ತೆಗೆದದ್ದಾಯಿತು. ಚೇತನಾ ಫೋನಿನಲ್ಲಿ ಏನೋ ಒತ್ತಿದಳು. ಸುಭದ್ರಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಫೋನನ್ನು ಉಚ್ಚಮ್ಮನ ಕೈಗೆ ಕೊಟ್ಟಳು. ಅದರಲ್ಲಿ ಉಚ್ಚಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಸಮುದ್ರದ ದಂಡೆಯ ಮೇಲೆ ನಿಂತು ನಗುತ್ತಿದ್ದಳು. ಹಿಂದೆ ಅಲೆ ಏಳುತ್ತಿತ್ತು. ಗಾಳಿಗೆ ಸೆರಗು ಹಾರುತ್ತಿತ್ತು.

ಉಚ್ಚಮ್ಮ ಸಮುದ್ರ ಕಂಡವಳಲ್ಲ. ಅಂಥ ಸೀರೆ ಆಕೆಯ ಹತ್ತಿರ ಇಲ್ಲ. ಆಕೆಯ ಮುಂದಿನ ಒಂದು ಹಲ್ಲು ಬಿದ್ದು ಎಷ್ಟೋ ಕಾಲವಾಗಿತ್ತು. ಫೋಟೋದಲ್ಲಿ ಆ ಹಲ್ಲೂ ಇತ್ತು. ಆಕೆ ಫೋನನ್ನು ಕೆಳಗಿಟ್ಟು, ಸುಟ್ಟುಕೊಂಡವಳ ಹಾಗೆ ಬೆರಳು ಉಜ್ಜಿಕೊಂಡಳು.

ಚೇತನಾ ನಿಧಾನವಾಗಿ ತಿಳಿಸಿ ಹೇಳಿದಳು. ಕಂಪ್ಯೂಟರ್ ಮೊದಲು ಬಂದಾಗ ಕೋಣೆ ತುಂಬುವಷ್ಟು ದೊಡ್ಡದಿತ್ತು, ಬರೀ ಲೆಕ್ಕ ಮಾಡುತ್ತಿತ್ತು. ಆಮೇಲೆ ಸಣ್ಣದಾಗುತ್ತ ಬಂತು, ಅಕ್ಷರ ಕಲಿಯಿತು, ಚಿತ್ರ ಕಲಿಯಿತು, ಈಗ ಅಂಗೈಯಲ್ಲಿ ಕೂತಿದೆ. ಜನ ಹಾಕಿದ ಕೋಟಿಗಟ್ಟಲೆ ಫೋಟೋ ಅದಕ್ಕೆ ತೋರಿಸಿ, ಮನುಷ್ಯ ಹೇಗಿರುತ್ತಾನೆ, ಸಮುದ್ರ ಹೇಗಿರುತ್ತದೆ ಎಂದು ಊಹಿಸುವುದನ್ನು ಕಲಿಸಿದ್ದಾರೆ. ಕಲಿಸಿದವರು, ಅದನ್ನು ಕೆಟ್ಟದ್ದಕ್ಕೆ ಬಳಸುವವರ ಕೈಗೂ ಕೊಟ್ಟುಬಿಟ್ಟರು. ಅದಕ್ಕೆ ನಾಚಿಕೆ ಇಲ್ಲ, ಯಾರ ಮಗಳು ಎಂದು ಅದು ಕೇಳುವುದಿಲ್ಲ.

"ಅದು ನಿಮ್ಮ ಮಗಳ ಮೈ ನೋಡಿಲ್ಲಮ್ಮ. ಯಾರೂ ನೋಡಿಲ್ಲ. ಅದು ಬರೀ ಊಹಿ ಮಾಡೈತಿ. ಊರವರು ಆ ಊಹಿನ ನೋಡಿ ಈಕಿನ್ನ ಕೊಲ್ಲಾಕ ಹತ್ಯಾರ."

ಉಚ್ಚಮ್ಮ ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು. ಆ ಮುಖ ಯಾವ ಫೋಟೋದಿಂದ ತೆಗೆದದ್ದು ಎಂದು ಗೊತ್ತೇ ಎಂದು ಚೇತನಾ ಕೇಳಿದಾಗ, ಸುಷ್ಮಿತಾ ಮೊದಲ ದಿನ ಹೇಳಹೊರಟಿದ್ದನ್ನು ಈಗ ಹೇಳಿದಳು. ಸೋದರತ್ತೆಯ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯವಿತ್ತು. ಅಂದು ಆಕೆ ಅತ್ತೆಯ ಮಗಳ ಜುಮಕಿ ಹಾಕಿಕೊಂಡಿದ್ದಳು. ಆ ಒಂದು ದಿನ ಬಿಟ್ಟರೆ ಮತ್ತೆ ಹಾಕಿಲ್ಲ. ಈ ಫೋಟೋದ ಕಿವಿಯಲ್ಲಿ ಅದೇ ಜುಮಕಿ ಇದೆ. ಅಂದು ಆಕೆಯ ಫೋಟೋ ತೆಗೆದವನು ಒಬ್ಬನೇ. ಅದು ಅವನ ಫೋನಿನಲ್ಲೇ ಉಳಿದಿತ್ತು, ಆಕೆಗೂ ಕಳಿಸಿರಲಿಲ್ಲ.

"ಯಾರು?" ಎಂದಳು ಸುಭದ್ರಮ್ಮ.

"ಸುಂಕೇಶ."

ತನ್ನ ಮನೆಯ ನಡುಮನೆಯಲ್ಲಿ ಕೂತು ಅವನು ಕಣ್ಣೊರೆಸಿಕೊಂಡದ್ದು ಉಚ್ಚಮ್ಮನ ಕಣ್ಣ ಮುಂದೆ ಬಂತು. ಅವನಿಗೆ ತಾನು ಬೆಲ್ಲದ ಚಹಾ ಮಾಡಿಕೊಟ್ಟದ್ದೂ ನೆನಪಾಯಿತು. ಹುಡುಗಿ ಈ ಮಾತನ್ನು ಮೊದಲ ದಿನವೇ ಹೇಳುತ್ತಿದ್ದಳು. ಕೇಳುವ ಕಿವಿ ಆ ಮನೆಯಲ್ಲಿ ಇರಲಿಲ್ಲ.

ಚೇತನಾ ಎಚ್ಚರಿಸಿದಳು. ಇದು ಇನ್ನೂ ಅನುಮಾನ, ಅವನನ್ನು ಹಿಡಿದು ಜಗಳ ಮಾಡಬೇಡಿ, ಕಂಡದ್ದನ್ನು ಕಂಡ ಹಾಗೆ ದೂರಿನಲ್ಲಿ ಹೇಳಿ, ಉಳಿದದ್ದು ತನಿಖೆಯಲ್ಲಿ ತಿಳಿಯುತ್ತದೆ ಎಂದಳು. ಸಾಕ್ಷಿಗೆ ಯಾರದಾದರೂ ಫೋನಿನಲ್ಲಿ ಆ ಮೆಸೇಜು ಅಳಿಸದೆ ಇರಬೇಕು ಎಂದಳು. ಸುಷ್ಮಿತಾಳ ಫೋನು ಒರಳುಕಲ್ಲಿನ ಬಳಿ ಚೂರಾಗಿತ್ತು.

ಸುಭದ್ರಮ್ಮ ಆ ಸಂಜೆ ಮನೆಮನೆಗೆ ಹೋದಳು. ಎಲ್ಲರೂ ಒಂದೇ ಮಾತು ಹೇಳಿದರು: ನಾವು ನೋಡಿಲ್ಲ, ನಮಗೆ ಬಂದಿಲ್ಲ, ನಾವು ಯಾರಿಗೂ ಕಳಿಸಿಲ್ಲ. ಮಹಾಲಕ್ಷ್ಮಿಯೂ ಹಾಗೇ ಹೇಳಿದಳು. ಆದರೆ ಸ್ವಲ್ಪ ಹೊತ್ತಿಗೆ ತಾನೇ ಬಂದು ಫೋನು ಉಚ್ಚಮ್ಮನ ಕೈಗೆ ಕೊಟ್ಟಳು. ಅಳಿಸಲು ಹೇಗೆಂದು ಗೊತ್ತಿರಲಿಲ್ಲ ಎಂದಳು. ಅದು ನಿಜವೋ ಅಲ್ಲವೋ, ಉಚ್ಚಮ್ಮ ಕೇಳಲಿಲ್ಲ.

ಉಳಿದವನು ಗಾದಿಲಿಂಗಪ್ಪ. ಅವನು ಠಾಣೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಅಳಿಯನ ಹೆಸರು ಬಂದಾಗಲಂತೂ ಹೆಂಡತಿಯ ಮೇಲೆ ಕೈ ಎತ್ತಿದ. ನನ್ನ ಅಕ್ಕನ ಮಗ, ಈ ಕೊಳೆಯನ್ನು ತನ್ನ ಮೈಮೇಲೆ ಹಾಕಿಕೊಳ್ಳಲು ಬಂದವನು, ಅವನ ಮೇಲೆ ಹೊರಿಸುತ್ತೀರಾ ಎಂದ. ಫೋಟೋ ಕಣ್ಣಾರೆ ಕಂಡಿದ್ದೇನೆ ಎಂದ.

ಉಚ್ಚಮ್ಮ ವಾದ ಮಾಡಲಿಲ್ಲ. ಸ್ಟೂಲು ಹತ್ತಿ, ದೇವರ ಪಕ್ಕ ತೂಗುಹಾಕಿದ್ದ ಅತ್ತೆಮಾವನ ಫೋಟೋ ಇಳಿಸಿದಳು. ಧೂಳು ಒರೆಸಿ ಗಂಡನ ಮುಂದೆ ಇಟ್ಟಳು. ಕುರ್ಚಿಯ ಮೇಲೆ ಅತ್ತೆ, ಪಕ್ಕದಲ್ಲಿ ಕರಿ ಕೋಟು ತೊಟ್ಟ ಮಾವ. ದಿನವೂ ಕುಂಕುಮ ಹಚ್ಚಿ ಗಾಜಿನ ಮೇಲೆ ಕಲೆ ನಿಂತಿತ್ತು.

"ಈ ಕೋಟು ಯಾವಾಗ ಹೊಲಿಸಿದ್ರು ನಿಮ್ಮಪ್ಪ?"

ಗಾದಿಲಿಂಗಪ್ಪನ ತಂದೆ ಕುರಿ ಕಾಯ್ದವನು. ಜೀವಮಾನದಲ್ಲಿ ಕಂಬಳಿ ಬಿಟ್ಟು ಬೇರೇನೂ ಹೊದ್ದವನಲ್ಲ. ಹೆಂಡತಿಯ ಜತೆ ಫೋಟೋ ತೆಗೆಸಿಕೊಳ್ಳುವ ಮುಂಚೆಯೇ ಸತ್ತಿದ್ದ. ಆಗ ಗಾದಿಲಿಂಗಪ್ಪನೇ ತಾಯಿಯನ್ನು ಆದೋನಿಗೆ ಕರೆದುಕೊಂಡು ಹೋಗಿದ್ದ. ಸ್ಟುಡಿಯೋದ ಮಾರೆಣ್ಣ ಯಾವುದೋ ಮದುವೆಯ ಗುಂಪು ಫೋಟೋದಿಂದ ಸತ್ತವನ ಮುಖ ಕತ್ತರಿಸಿ, ಬೇರೆ ಯಾರದೋ ಕೋಟಿನ ಮೇಲೆ ಕೂಡಿಸಿ, ಅಂಚನ್ನು ಕುಂಚದಿಂದ ತೀಡಿ ಕೊಟ್ಟಿದ್ದ. ಅದನ್ನು ಕಂಡು ತಾಯಿ ಅತ್ತಿದ್ದಳು.

"ಮುಖ ಮಾವಂದು. ಮೈ ಯಾರ್ದೋ" ಎಂದಳು ಉಚ್ಚಮ್ಮ. "ಇದನ್ನ ನಾವು ಪೂಜಿ ಮಾಡಾಕ ಹತ್ತೀವಿ. ಆಗ ಮಾರೆಣ್ಣ ಕೈಯಿಂದ ಮಾಡಿದ್ದ. ಈಗ ಫೋನು ಮಾಡ್ತೈತಿ. ಆಕಿ ಸ್ಟೇಷನ್ನಿಗೆ ಹೋಗಿದ್ಲು. ಸಾಯಾಕ."

ಸ್ಟೇಷನ್ನಿನ ಸಂಗತಿ ಗಾದಿಲಿಂಗಪ್ಪನಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಅವನು ತಂದೆಯ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಕೊನೆಗೆ ಎದ್ದು ಒಳಕೋಣೆಯ ಬಾಗಿಲಲ್ಲಿ ನಿಂತು "ತಪ್ಪಾತವ್ವ" ಎಂದ. ಒಳಗಿನಿಂದ ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಒಗೆದ ಧೋತರ ಉಟ್ಟು, ಹೆಂಡತಿ ಮಗಳ ಜತೆ ತಾನೂ ಠಾಣೆಗೆ ಹೊರಟ.

ದೂರು ಕೊಟ್ಟದ್ದಾಯಿತು. ಮೆಸೇಜು ಓಡಾಡಿದ ಆ್ಯಪ್‌ನ ಕಂಪನಿಯವರಿಗೂ ಸರ್ಕಾರದ ಸೈಬರ್ ಪೋರ್ಟಲ್ಲಿಗೂ ಚೇತನಾ ಬರೆಸಿದಳು. ಪೊಲೀಸರು ಒಂದು ಫೋನಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಿಂದೆ ಹಿಂದೆ ಹೋದರು. ಕೊನೆಗೆ ನಿಂತದ್ದು ಸುಂಕೇಶನ ಬಳಿ. ಅವನು ಒಪ್ಪಿಕೊಂಡ. ಬೇರೆ ಕಡೆಯಿಂದ ಸಂಬಂಧ ಬರಬಾರದು, ಹುಡುಗಿ ತನಗೇ ಸಿಗಬೇಕು ಎಂದು ಮಾಡಿದ್ದನಂತೆ. ಒಂದೇ ಗ್ರೂಪಿಗೆ ಹಾಕಿದ್ದೆ, ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ ಎಂದನಂತೆ. ಅವನನ್ನು ಹಿಡಿದುಕೊಂಡು ಹೋದ ದಿನ ಗಾದಿಲಿಂಗಪ್ಪನ ಅಕ್ಕ ತಮ್ಮನ ಬಾಗಿಲಿಗೆ ಬಂದು ಮಣ್ಣು ತೂರಿ ಶಾಪ ಹಾಕಿ ಹೋದಳು. ಒಡಹುಟ್ಟಿದವರ ನಡುವೆ ಈಗ ಮಾತಿಲ್ಲ. ಸುಂಕೇಶ ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ನಡೆಯುತ್ತಿದೆ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಫೋಟೋವನ್ನು ಕೆಲವು ಕಡೆ ತೆಗೆಸಿದರು. ಎಲ್ಲ ಕಡೆ ತೆಗೆದಾಗಿದೆ ಎಂದು ಚೇತನಾಳೂ ಮಾತು ಕೊಡಲಿಲ್ಲ. ಯಾರ ಫೋನಿನ ಮೂಲೆಯಲ್ಲಿ ಅದು ಕೂತಿದೆಯೋ ಯಾರಿಗೆ ಗೊತ್ತು? ಸುಷ್ಮಿತಾಳಿಗೆ ಆ ಸಲದ ಪರೀಕ್ಷೆ ತಪ್ಪಿತು. ಜತೆಯವರು ಮುಂದೆ ಹೋದರು. ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗಿ ಬರುತ್ತಿದ್ದಾಳೆ, ಊಟ ಮಾಡುತ್ತಾಳೆ, ನಿದ್ದೆ ಬರುತ್ತದೆ. ಮತ್ತೆ ಬೆಳಗಿನ ರೈಲಿಗೆ ಹೋಗುತ್ತಾಳೆ. ಮೊದಲ ಸಲ ಉಚ್ಚಮ್ಮ ಜತೆಗೇ ಹೋಗಿ ಕಾಲೇಜಿನ ಗೇಟಿನ ಹೊರಗೆ ಸಂಜೆಯ ತನಕ ಕೂತಿದ್ದಳು. ಮೊದಲು ಮನೆ ತುಂಬ ನಗುತ್ತಿದ್ದ ಹುಡುಗಿ ಈಗ ಮದುವೆ ಮುಂಜಿಯಲ್ಲಿ ಯಾರಾದರೂ ಫೋನು ಎತ್ತಿದರೆ ಮುಖ ಮುಚ್ಚಿಕೊಂಡು ಹಿಂದೆ ಸರಿಯುತ್ತಾಳೆ. ಅಪ್ಪನ ಜತೆ ಕುರಿ, ಮಳೆ, ಊಟ ಇಷ್ಟೇ ಮಾತು. ಗಾದಿಲಿಂಗಪ್ಪ ಅದಕ್ಕಿಂತ ಹೆಚ್ಚು ಕೇಳುವುದೂ ಇಲ್ಲ.

ಸಂಘದ ಸಭೆಯಲ್ಲಿ ಒಮ್ಮೆ ಸುಭದ್ರಮ್ಮ ಉಚ್ಚಮ್ಮನಿಗೆ ಎರಡು ಮಾತಾಡು ಎಂದಳು. ಉಚ್ಚಮ್ಮ ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಎದ್ದು ನಿಂತು ಎಲ್ಲರ ಮುಖ ನೋಡಿದಳು.

"ನಾ ಯಾರಿಗೂ ಕಳಿಸಿಲ್ಲ ಅಂತ ನೀವೆಲ್ಲಾ ಹೇಳೀರಿ" ಎಂದಳು. "ನಾ ನಂಬೀನಿ. ಮತ್ತ ಅದು ಊರ ತುಂಬ ಹೆಂಗ ಬಂತು?"

ಆಕೆ ಕೂತಳು. ಹೆಂಗಸರು ತಲೆ ಬಗ್ಗಿಸಿದರು. ಮಹಾಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದೆ ಕೂತಿದ್ದ ಒಬ್ಬಳು, ತನ್ನ ತಂಗಿಗೆ ಮಾತ್ರ ಕಳಿಸಿದ್ದೆ ಎಂದು ಮೆಲ್ಲಗೆ ಹೇಳಿದಳು. ಅವಳ ಪಕ್ಕದವಳು ತಾನೂ ಎಂದಳು.

ಇದನ್ನು ಓದುತ್ತಿರುವ ಅಕ್ಕ, ಓದಿಸಿ ಕೇಳುತ್ತಿರುವ ಅವ್ವ, ಅಣ್ಣ, ಈಗ ನಿಮ್ಮೊಂದಿಗೆ ಒಂದು ಮಾತು. ಕಣ್ಣಿಗೆ ಕಂಡ ಫೋಟೋ, ಕಿವಿಗೆ ಬಿದ್ದ ದನಿ, ಓಡಾಡುವ ವಿಡಿಯೋ, ಇವುಗಳಲ್ಲಿ ಯಾವುದನ್ನಾದರೂ ಇವತ್ತು ಫೋನು ಸುಳ್ಳಾಗಿ ಮಾಡಬಲ್ಲದು. ನಿಮಗೆ ಇಂಥದ್ದು ಬಂದರೆ ಮುಂದೆ ಕಳಿಸಬೇಡಿ, ತಂಗಿಗೂ ಬೇಡ, ಗಂಡನಿಗೂ ಬೇಡ. ಕಳಿಸುವುದೂ ಅಪರಾಧವೇ. ಕಳಿಸಿದವರ ನಂಬರು ಮತ್ತು ಬಂದ ಹೊತ್ತು ಉಳಿಯಲಿ, ಹುಡುಗಿಯ ಮನೆಯವರು ದೂರು ಕೊಡುವಾಗ ಅದೇ ಸಾಕ್ಷಿ. ನಿಮ್ಮ ಮನೆಗೇ ಈ ಕಷ್ಟ ಬಂದರೆ ಫೋನು ಒಡೆಯಬೇಡಿ, ಓದು ಬಿಡಿಸಬೇಡಿ, ಅವಸರದಲ್ಲಿ ತಾಳಿ ಕಟ್ಟಿಸಬೇಡಿ. ನಿಮ್ಮ ಸಚಿವಾಲಯದ ಮಹಿಳಾ ಪೊಲೀಸ್ ಹತ್ತಿರ ಹೋಗಿ, ಇಲ್ಲವೇ ಯಾವ ಠಾಣೆಗಾದರೂ ಹೋಗಿ. ಸೈಬರ್ ಅಪರಾಧಕ್ಕೆ 1930, ತುರ್ತಿಗೆ 112, ಮನಸ್ಸು ಕುಸಿದು ಬದುಕು ಬೇಡ ಅನ್ನಿಸಿದಾಗ ಮಾತಾಡಲು 14416. ಈ ನಂಬರುಗಳನ್ನು ಮಕ್ಕಳಿಗೂ ಹೇಳಿಕೊಡಿ.

ಇದಕ್ಕೆಲ್ಲ ಮುಂಚೆ ಮಾಡುವ ಕೆಲಸ ಒಂದಿದೆ, ಅದಕ್ಕೆ ಯಾವ ನಂಬರೂ ಬೇಡ. ನಿಮ್ಮ ಮಗಳು ಮುಂದೆ ನಿಂತು ಇದು ನಾನಲ್ಲ ಎಂದರೆ, ಕೂರಿಸಿಕೊಂಡು ಆಕೆಯ ಮಾತು ಕೊನೆಯ ತನಕ ಕೇಳಿ. ಫೋಟೋ ಎಲ್ಲಿಂದಲೋ ಬಂದದ್ದು. ಆಕೆಯನ್ನು ಹೆತ್ತು ಸಾಕಿದವರು ನೀವು.